ಕತ್ತಲಕೋಣೆಯಲ್ಲಿ ಉಳಿದ ಬಣ್ಣ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬೆಳಿಗ್ಗೆ ಎಂಟು ದಾಟಿತೆಂದರೆ ಬಸ್ಸುಗಳು ಓಡುವುದಿಲ್ಲ, ತೆವಳುತ್ತವೆ. ತಲೆಯ ಮೇಲೆ ಮೇಲುಸೇತುವೆ, ಕೆಳಗೆ ಕಂಪನಿ ಬಸ್ಸುಗಳ ಸಾಲು, ಕುತ್ತಿಗೆಗೆ ಗುರುತುಚೀಟಿ ತೂಗುಹಾಕಿಕೊಂಡ ಯುವಕ ಯುವತಿಯರು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದಾಗ ಇದು ರಾಗಿ ಹೊಲಗಳ ಸೀಮೆ. ಇಂದು ಇಲ್ಲಿ ಬಿತ್ತುವುದು ಬೆಳೆಯುವುದು ಎಲ್ಲವೂ ಗಣಕದ ತೆರೆಯ ಮೇಲೆ.

ಇದೇ ರಸ್ತೆಯ ಬೊಮ್ಮನಹಳ್ಳಿಯಲ್ಲಿ ಪಕ್ಕಕ್ಕೆ ತಿರುಗಿದರೆ ಬೇಗೂರು ಸಿಗುತ್ತದೆ. ಕೆರೆ, ಕೆರೆಯ ಬಳಿ ನಾಗೇಶ್ವರ ದೇವಾಲಯಗಳ ಗುಂಪು, ಆವರಣದಲ್ಲಿ ಹಳೆಯ ಕಲ್ಲುಗಳು. ಅವುಗಳಲ್ಲೊಂದು ಸುಮಾರು ಕ್ರಿ.ಶ. 890ರ ಶಾಸನ. ಬೆಂಗಳೂರಿನಲ್ಲಿ ನಡೆದ ಕಾಳಗವೊಂದನ್ನು ಹೆಸರಿಸಿ ಹೇಳುವ ಈ ಶಾಸನದಿಂದಾಗಿ, ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆಯೇ 'ಬೆಂಗಳೂರು' ಎಂಬ ಹೆಸರು ಬಳಕೆಯಲ್ಲಿತ್ತೆಂಬುದು ಎಲ್ಲರಿಗೂ ತಿಳಿಯಿತು.

ಬೇಗೂರಿನ ಇನ್ನೊಂದು ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ಮಡಿದ ನಾಗತ್ತರನ ವೀರಗಲ್ಲು ಅದು. ಆನೆ, ಕುದುರೆ, ಬಿಲ್ಲಾಳು, ಬಿದ್ದವರು, ಬೀಳುತ್ತಿರುವವರು ಎಲ್ಲರೂ ಒಂದೇ ಹಾಸಿನಲ್ಲಿ ಕಿಕ್ಕಿರಿದಿದ್ದಾರೆ. ಅದೇ ಹಾಸಿನಲ್ಲಿ ಕನ್ನಡ ಅಕ್ಷರಗಳೂ ಇವೆ. ಯಾರು, ಯಾಕೆ, ಎಲ್ಲಿ ಸತ್ತರೆಂದು ಅಕ್ಷರ ಹೇಳುತ್ತದೆ. ಹೇಗೆ ಸತ್ತರೆಂದು ಚಿತ್ರ ಹೇಳುತ್ತದೆ. ಬೇಗೂರು ಸೀಮೆಯ ಊರುಗಳ ಪಟ್ಟಿಯೂ ಅದರಲ್ಲಿದೆ. ಪಟ್ಟಿಯಲ್ಲಿರುವ ತೊವಗೂರನ್ನು ಇಂದಿನ ತೋಗೂರೆಂದೂ ಕೂಡಲೆಯನ್ನು ಕೂಡ್ಲು ಎಂದೂ ಗುರುತಿಸುತ್ತಾರೆ. ಗಾಜಿನ ಕಟ್ಟಡಗಳಲ್ಲಿ ಕುಳಿತವರು ತಿಳಿದೋ ತಿಳಿಯದೆಯೋ ನಾಗತ್ತರನ ಕಲ್ಲಿನ ಮೇಲಿನ ಊರುಗಳಲ್ಲೇ ಕೆಲಸ ಮಾಡುತ್ತಿದ್ದಾರೆ.

ಅಕ್ಷರ ಮತ್ತು ಚಿತ್ರಗಳನ್ನು ಒಂದೇ ಹಾಸಿನಲ್ಲಿ ಹೊಂದಿಸುವ ಈ ಕಲೆ ಕಲ್ಲಿಗಷ್ಟೇ ಸೀಮಿತವೇ? ಪುಸ್ತಕಕ್ಕೂ ಅದು ಬಂದಿತ್ತೇ? ಯೂರೋಪಿನ ಸಚಿತ್ರ ಹಸ್ತಪ್ರತಿಗಳ ಖ್ಯಾತಿ ದೊಡ್ಡದು. ಅಲ್ಲಿನ ಸನ್ಯಾಸಿಗಳು ಕರುವಿನ ಚರ್ಮವನ್ನು ಹದಮಾಡಿ, ಅದರ ಮೇಲೆ ಬರೆದು, ಚಿನ್ನದ ರೇಕು ಅಂಟಿಸಿ, ಬಣ್ಣ ತುಂಬಿದರು. ಮೇಣದ ಬತ್ತಿಯ ಬೆಳಕಿಗೆ ಪುಟವೇ ಹೊಳೆಯುತ್ತಿದ್ದುದರಿಂದ ಅವಕ್ಕೆ 'ಬೆಳಗಿಸಿದ ಪುಸ್ತಕ'ಗಳೆಂದೇ ಹೆಸರಾಯಿತು. ಕ್ರಿ.ಶ. 800ರ ಸುಮಾರಿನ 'ಕೆಲ್ಸ್ ಗ್ರಂಥ'ವನ್ನು ನೋಡಲು ಇಂದಿಗೂ ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ.

ಕನ್ನಡನಾಡಿನಲ್ಲೂ ಅಂಥ ಗ್ರಂಥಗಳಿವೆ. ಅವುಗಳ ಜಾಡು ಹಿಡಿಯಬೇಕಾದರೆ ಎಲೆಕ್ಟ್ರಾನಿಕ್ ಸಿಟಿಯಿಂದ ನಗರದ ಇನ್ನೊಂದು ತುದಿಯಾದ ಪೀಣ್ಯಕ್ಕೆ ಬರಬೇಕು. ಲೇತು ಯಂತ್ರಗಳ ಸದ್ದು, ಕಬ್ಬಿಣದ ಚೂರಿನ ವಾಸನೆ ತುಂಬಿದ ಈ ಕೈಗಾರಿಕಾ ಪ್ರದೇಶದ ಅಂಚಿನಲ್ಲೇ ತುಮಕೂರು ರಸ್ತೆ ಹಾಯುತ್ತದೆ. ಹಾಸನ ಮತ್ತು ಕರಾವಳಿಯ ಬಸ್ಸುಗಳು ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಪ್ರಯಾಣಿಕರನ್ನು ತುಂಬಿಕೊಂಡು ನೆಲಮಂಗಲದ ಕಡೆ ಹೊರಡುವುದು ಇಲ್ಲಿಂದಲೇ.

ಬೆಳಗೊಳದ ಕತ್ತಲಕೋಣೆ

ಮೊದಲ ನಿಲುಗಡೆ ಶ್ರವಣಬೆಳಗೊಳ. ಬಂದವರೆಲ್ಲ ಮೊದಲು ವಿಂಧ್ಯಗಿರಿಯ ಮೆಟ್ಟಿಲು ಹತ್ತುತ್ತಾರೆ, ಗೊಮ್ಮಟನ ಪಾದಕ್ಕೆ ನಮಿಸಿ ಕೆಳಗಿಳಿಯುತ್ತಾರೆ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಊರೊಳಗಿನ ಅಕ್ಕನ ಬಸದಿಗೆ ಹೋಗುವವರು ಕಡಿಮೆ. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಚೆಲುವಾದ ಹೊಯ್ಸಳ ಬಸದಿ ಅದು. ಅದರ ಪಶ್ಚಿಮಕ್ಕೆ ಸಿದ್ಧಾಂತ ಬಸದಿ ಎಂಬ ಚಿಕ್ಕ ಗುಡಿಯಿದೆ. ನೋಡಲು ಸಾಧಾರಣ. ಹೆಸರಿನ ಹಿಂದೆ ಮಾತ್ರ ದೊಡ್ಡ ಕಥೆಯಿದೆ.

ಜೈನ ಸಿದ್ಧಾಂತ ಗ್ರಂಥಗಳನ್ನು ಒಂದು ಕಾಲದಲ್ಲಿ ಇಲ್ಲಿನ ಕತ್ತಲಕೋಣೆಯೊಂದರಲ್ಲಿ ಭದ್ರವಾಗಿ ಇಟ್ಟಿದ್ದರೆಂದೂ, ಮುಂದೆ ಯಾವುದೋ ಕಾಲದಲ್ಲಿ ಧವಲ, ಜಯಧವಲ ಮೊದಲಾದ ಅಪೂರ್ವ ಪ್ರತಿಗಳನ್ನು ಮೂಡುಬಿದಿರೆಗೆ ಸಾಗಿಸಿದರೆಂದೂ ಇಲ್ಲಿಯ ಹೇಳಿಕೆ. ಗ್ರಂಥಗಳು ಹೋದವು, ಗುಡಿಗೆ ಹೆಸರು ಉಳಿಯಿತು. ಬಯಲುಸೀಮೆಯಿಂದ ಘಟ್ಟ ಇಳಿದು, ಕಾಡು ಹೊಳೆಗಳನ್ನು ದಾಟಿ, ಆ ಓಲೆಗರಿಗಳ ಕಟ್ಟುಗಳು ಹೋದ ದಿಕ್ಕಿನಲ್ಲೇ ಇಂದಿನ ಪ್ರಯಾಣಿಕನೂ ಸಾಗಬೇಕು. ಹಾಸನ, ಬೇಲೂರು, ಮೂಡಿಗೆರೆ ಕಳೆದು ಚಾರ್ಮಾಡಿ ಘಾಟಿಯಲ್ಲಿ ಇಳಿದರೆ ಉಜಿರೆ, ಬೆಳ್ತಂಗಡಿ. ಅಲ್ಲಿಂದ ಮುಂದೆ 1604ರ ಬಾಹುಬಲಿ ನಿಂತಿರುವ ವೇಣೂರು. ವೇಣೂರು ದಾಟಿದರೆ ಮೂಡುಬಿದಿರೆ.

ಬಸದಿಗಳ ಬೀದಿಯಲ್ಲಿ

ಮೂಡುಬಿದಿರೆಯೆಂದರೆ ಸಾವಿರ ಕಂಬದ ಬಸದಿ ಎಂದೇ ಹೆಚ್ಚಿನವರ ಎಣಿಕೆ. 1430ರ ಈ ತ್ರಿಭುವನ ತಿಲಕ ಚೂಡಾಮಣಿಯ ಕಂಬಗಳ ನಡುವೆ ಅರ್ಧ ದಿನ ಕಳೆದರೂ ಬೇಸರವಾಗದು. ಊರಿನಲ್ಲಿ ಒಟ್ಟು ಹದಿನೆಂಟು ಬಸದಿಗಳು. ಅವುಗಳಲ್ಲಿ ಹಿರಿಯದು ಗುರು ಬಸದಿ. ಸಿದ್ಧಾಂತ ಬಸದಿ ಎಂಬ ಹೆಸರೂ ಅದಕ್ಕಿದೆ. ಬೆಳಗೊಳದಲ್ಲಿ ಬರಿದಾದ ಹೆಸರು ಇಲ್ಲಿ ತುಂಬಿಕೊಂಡಿದೆ. ದಕ್ಷಿಣ ಭಾರತದಲ್ಲಿ ಉಳಿದಿರುವ ಸಚಿತ್ರ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವೆಂದು ಎಣಿಸಲಾದ ಓಲೆಗರಿಗಳು ಈ ಊರಿನ ಸೊತ್ತು.

ಗರಿಗಳ ಉದ್ದ ಸುಮಾರು ಎರಡು ಅಡಿ, ಅಗಲ ಮೂರು ಬೆರಳಿನಷ್ಟು. ಅವುಗಳ ಮೇಲೆ ಹಳಗನ್ನಡ ಲಿಪಿಯ ದುಂಡನೆಯ ಅಕ್ಷರಗಳು. ಸಾಲುಗಳ ನಡುವೆ, ಗರಿಯ ತುದಿಗಳಲ್ಲಿ, ದಾರ ಪೋಣಿಸುವ ರಂಧ್ರದ ಆಸುಪಾಸಿನಲ್ಲಿ ಚಿತ್ರಗಳು. ಹೆಡೆಯೆತ್ತಿದ ನಾಗನ ಕೆಳಗೆ ಪಾರ್ಶ್ವನಾಥ, ಬಳ್ಳಿ ಸುತ್ತಿದ ಬಾಹುಬಲಿ, ವಿದ್ಯೆಯ ಅಧಿದೇವತೆ ಶ್ರುತದೇವಿ, ವಾಹನಗಳೊಂದಿಗೆ ಯಕ್ಷ ಯಕ್ಷಿಯರು, ಕೈಮುಗಿದ ಭಕ್ತರು. ಎರಡು ಮೂರು ಬೆರಳಗಲದ ಜಾಗದಲ್ಲಿ ಇಷ್ಟೆಲ್ಲ ಹಿಡಿಸಬೇಕಾದರೆ ಚಿತ್ರಗಾರನ ಕೈ ಎಷ್ಟು ನೆಟ್ಟಗಿದ್ದಿರಬೇಕು! ಕಾಲ ಸುಮಾರು 1112ರಿಂದ 1120ರ ನಡುವೆ. ಬೇಲೂರಿನ ಚೆನ್ನಕೇಶವ ದೇಗುಲ ಕಟ್ಟಿಸಿದ ವಿಷ್ಣುವರ್ಧನ ಆಳುತ್ತಿದ್ದ ವರ್ಷಗಳವು. ಹೊಯ್ಸಳರ ಕಲ್ಲು ಕೆತ್ತನೆಯನ್ನು ನೋಡಲು ನಮಗೆ ನೂರಾರು ಗುಡಿಗಳಿವೆ. ಆ ಕಾಲದ ಕುಂಚ ಹೇಗಿತ್ತೆಂದು ತಿಳಿಯಲು ಬಹುಮಟ್ಟಿಗೆ ಈ ಗರಿಗಳೇ ಗತಿ. ಕಲಾಚರಿತ್ರಕಾರ ಸಿ. ಶಿವರಾಮಮೂರ್ತಿ, ಸರಯೂ ದೋಶಿ ಮೊದಲಾದವರು ಇವುಗಳ ಬಗ್ಗೆ ಬರೆದ ಮೇಲೆ ಹೊರಗಿನ ವಿದ್ವಾಂಸರ ಗಮನ ಇತ್ತ ಹರಿಯಿತು.

ಗರಿಗಳಲ್ಲಿರುವ ಗ್ರಂಥಗಳ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. ಗಿರಿನಾರಿನ ಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರಿಗೆ, ಬಾಯಿಂದ ಬಾಯಿಗೆ ಬಂದ ಆಗಮದ ಅರಿವು ತಮ್ಮೊಂದಿಗೇ ಅಳಿದುಹೋದೀತೆಂಬ ಭಯ ಹುಟ್ಟಿತಂತೆ. ದಕ್ಷಿಣದಿಂದ ಬಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅವರು ಅದನ್ನು ಕಲಿಸಿದರು. ಅವರಿಬ್ಬರು ಅದನ್ನು 'ಷಟ್ಖಂಡಾಗಮ'ವಾಗಿ ಗ್ರಂಥಸ್ಥಗೊಳಿಸಿದರು. ಅದಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 816ರಲ್ಲಿ ಮುಗಿಸಿದ ಮಹಾ ವ್ಯಾಖ್ಯಾನವೇ 'ಧವಲ'. ಇನ್ನೊಂದು ಆಗಮವಾದ 'ಕಷಾಯಪಾಹುಡ'ಕ್ಕೆ ಅವರು ಆರಂಭಿಸಿದ 'ಜಯಧವಲ'ವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತಗಳ ಬೆರಕೆ, ಲಿಪಿ ಕನ್ನಡ. ಧವಲವೊಂದರ ಗಾತ್ರವೇ ಎಪ್ಪತ್ತೆರಡು ಸಾವಿರ ಶ್ಲೋಕಗಳಷ್ಟು ಎನ್ನುತ್ತಾರೆ. ಡಬ್ಲಿನ್ನಿನ ಕೆಲ್ಸ್ ಗ್ರಂಥಕ್ಕೆ ಬಣ್ಣ ತುಂಬುತ್ತಿದ್ದ ತಲೆಮಾರಿನಲ್ಲೇ ಇಲ್ಲಿ ವೀರಸೇನರು ಕುಳಿತು ಬರೆಯುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ.

ಇಷ್ಟು ದೊಡ್ಡ ಗ್ರಂಥವನ್ನು ಬರೆಸಲು ಹಣ ಕೊಟ್ಟವರು ಯಾರು? ಅರಸರಲ್ಲ, ಹೆಂಗಸರು. ಧವಲದ ಪ್ರತಿಯನ್ನು ದೇಮಿಯಕ್ಕ ಎಂಬಾಕೆ ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. 'ಮಹಾಧವಲ' ಎಂದು ಹೆಸರಾದ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಎರಡೂ ವ್ರತದ ಉದ್ಯಾಪನೆಯ ದಾನಗಳು. ಷಟ್ಖಂಡಾಗಮ ಪೂರ್ಣಗೊಂಡ ದಿನವೆಂದು ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಬಸದಿ ಕಟ್ಟಿಸಿದಷ್ಟೇ ಪುಣ್ಯ ಪುಸ್ತಕ ಬರೆಸಿದರೂ ಇದೆ ಎಂಬ ನಂಬಿಕೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯ ಪರಂಪರೆಯದು. ಅಚ್ಚುಯಂತ್ರವಿಲ್ಲದ ಕಾಲದ ಪ್ರಕಾಶಕರು ಈ ತಾಯಂದಿರೇ.

ಗರಿ, ಮಸಿ, ಬಣ್ಣ

ಓಲೆಗರಿಯ ಪುಸ್ತಕ ತಯಾರಾಗುತ್ತಿದ್ದುದು ಹೇಗೆ? ಗರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಬಯಲಿನಲ್ಲಿ ಕಾಣುವ ಸಾಮಾನ್ಯ ತಾಳೆಯದು ದಪ್ಪ ಗರಿ. ಕರಾವಳಿಯಲ್ಲಿ ಬೆಳೆಯುವ ಶ್ರೀತಾಳೆಯದು ತೆಳು, ಅಗಲ, ಬಾಗಿದರೆ ಮುರಿಯದು. ಶ್ರೀತಾಳೆ ವಿಚಿತ್ರ ಮರ. ಮೂವತ್ತರಿಂದ ಎಂಬತ್ತು ವರ್ಷ ಸುಮ್ಮನೆ ಬೆಳೆಯುತ್ತದೆ, ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ, ಕಾಯಿ ಉದುರಿಸಿ ಸಾಯುತ್ತದೆ.

ಪೂರ್ತಿ ಬಲಿಯದ ಗರಿಗಳನ್ನು ಕೊಯ್ದು, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸುತ್ತಿದ್ದರು. ಕೆಲವೆಡೆ ನೀರಿಗೆ ಅರಿಸಿನವನ್ನೂ ಹಾಕುತ್ತಿದ್ದರು. ಕುದಿಸುವುದರಿಂದ ಗರಿಯೊಳಗಿನ ಸಿಹಿ ಮತ್ತು ಪಿಷ್ಟ ಬಹುಪಾಲು ಹೊರಬರುತ್ತದೆ. ಹುಳಕ್ಕೂ ಬೂಷ್ಟಿಗೂ ಆಹಾರ ಅದೇ ತಾನೇ. ಬಳಿಕ ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲು ಅಥವಾ ಕವಡೆಯಿಂದ ಉಜ್ಜಿ, ಒಂದೇ ಅಳತೆಗೆ ಕತ್ತರಿಸಿ, ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಿದರೆ ಪುಸ್ತಕಕ್ಕೆ ಬೇಕಾದ ಗರಿ ಸಿದ್ಧ.

ಬರೆಯುವ ಕ್ರಮವೂ ಎರಡು. ದಪ್ಪ ಗರಿಯ ಮೇಲೆ ಕಂಠವೆಂಬ ಕಬ್ಬಿಣದ ಮೊನೆಯಿಂದ ಗೀರಿ, ಅನಂತರ ಎಣ್ಣೆಯಲ್ಲಿ ಕಲಸಿದ ಮಸಿ ಉಜ್ಜಿ ಒರೆಸುವುದು ಒಂದು. ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ಶ್ರೀತಾಳೆಯ ಮೇಲೆ ನೇರವಾಗಿ ಲೇಖನಿಯಿಂದ ಬರೆಯುವುದು ಇನ್ನೊಂದು. ಮೂಡುಬಿದಿರೆಯ ಸಚಿತ್ರ ಪ್ರತಿಗಳು ಈ ಎರಡನೆಯ ಬಗೆಯವು. ಅದೇ ಕುಂಚಕ್ಕೂ ಅನುಕೂಲವಾಯಿತು.

ಈ ಕಪ್ಪಿನ ಗುಟ್ಟು ಸರಳ. ದೀಪದ ಮೇಲೆ ಹಿಡಿದ ಮಡಕೆಗೆ ಕೂಡುವ ಕಾಡಿಗೆ ಬಹುತೇಕ ಶುದ್ಧ ಇಂಗಾಲ. ಇಂಗಾಲ ಬಿಸಿಲಿಗೆ ಮಾಸದು, ಗಾಳಿಗೆ ತುಕ್ಕು ಹಿಡಿಯದು. ಅದಕ್ಕೆ ಮರದ ಅಂಟು ಬೆರೆಸಿದರೆ ಮಸಿ. ಯೂರೋಪಿನ ಬರಹಗಾರರು ಹೆಚ್ಚಾಗಿ ಬಳಸಿದ್ದು ಕಬ್ಬಿಣದ ಲವಣ ಮತ್ತು ಮರದ ಗಂಟುಗಳ ಒಗರು ಸೇರಿಸಿ ಮಾಡಿದ ಶಾಯಿ. ಆಮ್ಲಗುಣದ ಆ ಶಾಯಿ ಎಷ್ಟೋ ಕಡೆ ಅಕ್ಷರವಿದ್ದ ಜಾಗವನ್ನೇ ತಿಂದು ತೂತು ಮಾಡಿದೆ. ನಮ್ಮ ಬಡ ದೀಪದ ಕಾಡಿಗೆಗೆ ಆ ಚಾಳಿ ಇಲ್ಲ.

ಇನ್ನು ಬಣ್ಣ. ನಮ್ಮ ಹಳೆಯ ಚಿತ್ರಗಾರರ ಪೆಟ್ಟಿಗೆಯಲ್ಲಿ ಇರುತ್ತಿದ್ದುದು ಕೆಂಪಿಗೆ ಕಾವಿಮಣ್ಣು, ಇಂಗಳೀಕ ಮತ್ತು ಅರಗು, ಹಳದಿಗೆ ಹರಿದಳ, ನೀಲಿಗೆ ನೀಲಿಗಿಡದ ರಸ, ಬಿಳಿಗೆ ಸುಣ್ಣ ಅಥವಾ ಶಂಖದ ಪುಡಿ. ಕಾವಿ ಕಬ್ಬಿಣದ ಆಕ್ಸೈಡು, ಇಂಗಳೀಕ ಪಾದರಸ ಮತ್ತು ಗಂಧಕದ ಸಂಯುಕ್ತ. ಹರಿದಳದಲ್ಲಿರುವುದು ಆರ್ಸೆನಿಕ್, ಎಂದರೆ ಪಾಷಾಣ. ಹುಳುಗಳೂ ಅದರಿಂದ ದೂರ. ಐರ್ಲೆಂಡಿನ ಕೆಲ್ಸ್ ಗ್ರಂಥದಲ್ಲಿ ಚಿನ್ನವೇ ಇಲ್ಲ. ಅಲ್ಲಿ ಹೊಂಬಣ್ಣ ತೋರುವುದೂ ಇದೇ ಹರಿದಳದ ಮಹಿಮೆಯಿಂದ. ಚಿನ್ನದ ರೇಕಿನ ವೈಭವ ಬೇಕೆನ್ನುವವರು ನೋಡಬೇಕಾದದ್ದು ಮೈಸೂರಿನ ಸಂಪ್ರದಾಯವನ್ನು. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂಬತ್ತು ನಿಧಿಗಳಾಗಿ ಸಿದ್ಧಪಡಿಸಿದ ಶ್ರೀತತ್ತ್ವನಿಧಿಯಲ್ಲಿ ದೇವತಾಮೂರ್ತಿಗಳೂ ಯೋಗಾಸನಗಳೂ ಕಾಗದದ ಮೇಲೆ ಬಣ್ಣ ತಳೆದಿವೆ.

ಬಣ್ಣ ಎಷ್ಟೇ ಗಟ್ಟಿಯಾದರೂ ಗರಿ ಗಟ್ಟಿ ಉಳಿಯಬೇಕಲ್ಲ? ನಮ್ಮ ಸೆಕೆ ಮತ್ತು ಮಳೆಯಲ್ಲಿ ಓಲೆಗರಿ ಮುನ್ನೂರು ನಾನೂರು ವರ್ಷ ಬಾಳಿದರೆ ದೊಡ್ಡದು. ಅಷ್ಟರೊಳಗೆ ಹೊಸ ಪ್ರತಿ ಎತ್ತಿಕೊಳ್ಳಬೇಕು. ಕರಾವಳಿಯ ಧಾರಾಕಾರ ಮಳೆಯ ಊರಿನಲ್ಲಿ ಈ ಗರಿಗಳು ಒಂಬೈನೂರು ವರ್ಷ ಉಳಿದದ್ದು ಆಶ್ಚರ್ಯವೇ. ಬೆಳಕು ಬೀಳದ ಕೋಣೆ, ಬಿಗಿಯಾಗಿ ಸುತ್ತಿದ ಬಟ್ಟೆ, ಕೈಗಳ ಬೆವರು ಸೋಂಕದ ಮಡಿ, ಇವು ಕಾಪಾಡಿದವು. ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುವ ಪದ್ಧತಿಯೂ ಜೈನರಲ್ಲಿದೆ. ಜ್ಯೇಷ್ಠ ಮಾಸವೆಂದರೆ ಮಳೆಗಾಲದ ಹೊಸಿಲು. ವರ್ಷದ ತೇವ ಶುರುವಾಗುವ ಹೊತ್ತಿನಲ್ಲೇ ಪುಸ್ತಕದ ತಪಾಸಣೆ! ಪ್ರಯೋಗಾಲಯವಿಲ್ಲದ ಕಾಲದ ಈ ಜಾಣ್ಮೆಗೆ ತಲೆದೂಗಬೇಕು.

ಬೀಗದೊಳಗಿನ ಗ್ರಂಥ

ಈ ಕಾವಲಿಗೆ ತೆತ್ತ ಬೆಲೆಯೂ ಇದೆ. ಶತಮಾನಗಳು ಕಳೆದಂತೆ ಧವಲ ಓದುವ ಗ್ರಂಥವಾಗಿ ಉಳಿಯದೆ ದರ್ಶನ ಮಾಡುವ ಗ್ರಂಥವಾಯಿತು. ಉತ್ತರ ಭಾರತದ ಜೈನ ಪಂಡಿತರಿಗೆ ಅದರ ಹೆಸರು ಗೊತ್ತು, ಒಳಗೇನಿದೆ ಗೊತ್ತಿಲ್ಲ. ಯಾತ್ರೆಗೆ ಬಂದವರು ದೂರದಿಂದ ಕೈಮುಗಿದು ಹೋಗುತ್ತಿದ್ದರು. ಹಳಗನ್ನಡ ಲಿಪಿ ಓದಬಲ್ಲ, ಪ್ರಾಕೃತವೂ ತಿಳಿದವರು ಬೆರಳೆಣಿಕೆಯಷ್ಟು. ಒಂದು ಬೆಂಕಿ, ಒಂದು ಗೆದ್ದಲಿನ ಗೂಡು ಸಾಕಿತ್ತು, ಎಲ್ಲವೂ ಮುಗಿಯಲು. ಬೇರೆಲ್ಲೂ ಇದರ ಪ್ರತಿ ಇರಲಿಲ್ಲ.

1883ರ ಸುಮಾರಿಗೆ ಯಾತ್ರೆ ಬಂದ ಮುಂಬಯಿಯ ಸೇಠ ಮಾಣಿಕಚಂದರಿಗೆ ಈ ಗರಿಗಳ ಸ್ಥಿತಿ ಕಂಡು ಕಳವಳವಾಯಿತು. ಸೊಲ್ಲಾಪುರದ ಹೀರಾಚಂದ ನೇಮಚಂದರೂ ಮುಂದೆ ಬಂದರು. ಬಹುಕಾಲದ ಮಾತುಕತೆಯ ನಂತರ 1896ರ ಹೊತ್ತಿಗೆ ನಕಲು ಮಾಡುವ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮೀರಜಿನ ಗಜಪತಿ ಉಪಾಧ್ಯಾಯರು ಗರಿಗಳ ಮುಂದೆ ಕುಳಿತರು. ಬ್ರಹ್ಮಸೂರಿ ಶಾಸ್ತ್ರಿಗಳು ಬೇಗನೆ ತೀರಿಕೊಂಡರು. ಗಜಪತಿ ಉಪಾಧ್ಯಾಯರು ವರ್ಷಗಟ್ಟಲೆ ಬರೆದರು. ಮಹಾಧವಲವೂ ಸೇರಿ ಎಲ್ಲ ಮುಗಿಯುವಾಗ 1922 ಬಂದಿತ್ತು. ಒಟ್ಟು ಇಪ್ಪತ್ತಾರು ವರ್ಷಗಳ ಕೆಲಸ.

ಆದರೆ ನಕಲೂ ಹೊರಗೆ ಹೋಗಬಾರದೆಂಬುದು ಕರಾರು. ಮೂಲದ ಪಕ್ಕದಲ್ಲೇ ನಕಲನ್ನೂ ಬೀಗ ಹಾಕಿ ಇಟ್ಟರೆ ಏನು ಬಂತು? ಗಜಪತಿ ಉಪಾಧ್ಯಾಯರು ಒಂದು ಸಾಹಸಕ್ಕೆ ಕೈಹಾಕಿದರು. ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದನ್ನು ಊರಾಚೆ ಒಯ್ದರು. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದಕ್ಕೆ ಹಣ ಕೊಟ್ಟು ತಮ್ಮೂರಿನ ಮಂದಿರದಲ್ಲಿ ಇರಿಸಿಕೊಂಡರು. ಅಲ್ಲಿ ಅದನ್ನು ದೇವನಾಗರಿಗೆ ಇಳಿಸಲು ಬಂದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು! ಅದರಿಂದ ಇನ್ನೊಂದು, ಮತ್ತೊಂದು. ಹೀಗೆ ಗುಟ್ಟಿನಿಂದ ಗುಟ್ಟಿಗೆ ದಾಟುತ್ತ ಧವಲ ದೇಶದ ಹಲವು ಊರುಗಳಿಗೆ ಹರಡಿತು. ಅಮರಾವತಿಯಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು 1939ರಲ್ಲಿ ಅದರ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಆಮೇಲೆ ಮೂಡುಬಿದಿರೆಯೂ ಮೃದುವಾಯಿತು. ಮುಂದಿನ ಸಂಪುಟಗಳನ್ನು ಮೂಲ ಗರಿಯೊಂದಿಗೆ ತಾಳೆ ನೋಡುವ ಅವಕಾಶವೂ ದೊರೆಯಿತು. ಹದಿನಾರು ಸಂಪುಟಗಳಲ್ಲಿ ಧವಲ ಬೆಳಕು ಕಂಡಿತು.

ಕೊಟ್ಟ ಮಾತಿಗೆ ತಪ್ಪಿದ ಗಜಪತಿ ಉಪಾಧ್ಯಾಯರನ್ನು ಏನೆನ್ನಬೇಕು? ಕಾವಲು ಕಾದವರ ದೃಷ್ಟಿಯಲ್ಲಿ ಅದು ದ್ರೋಹ. ಓದುವವರ ದೃಷ್ಟಿಯಲ್ಲಿ ಉಪಕಾರ. ನಿಜವೆಂದರೆ ಕೋಣೆಗೆ ಬೀಗ ಹಾಕಿದವರು ಇಲ್ಲದಿದ್ದರೆ ಹೊಯ್ಸಳರ ಬಣ್ಣ ನಮಗೆ ಉಳಿಯುತ್ತಿರಲಿಲ್ಲ. ಬೀಗ ಮೀರಿದವರು ಇಲ್ಲದಿದ್ದರೆ ವೀರಸೇನರ ಮಾತು ನಮಗೆ ಸಿಗುತ್ತಿರಲಿಲ್ಲ. ದೇಮಿಯಕ್ಕ ಬರೆಸಿದ್ದು ಓದಲಿ ಎಂದೇ ಅಲ್ಲವೇ?

ಎರಡರ ಲೆಕ್ಕ

ಓದಿದಾಗ ಏನು ಸಿಕ್ಕಿತು? ಜೀವ, ಕರ್ಮ, ಬಂಧಗಳ ಸೂಕ್ಷ್ಮ ವಿಚಾರ ಮುಖ್ಯವಾದದ್ದು. ಅದರ ಜೊತೆಗೆ ಯಾರೂ ನಿರೀಕ್ಷಿಸದ ಗಣಿತವೂ ಇತ್ತು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ 1940ರ ದಶಕದಲ್ಲಿ ಧವಲದ ಗಣಿತದ ಬಗ್ಗೆ ಬರೆದಾಗ ಹಲವರು ಬೆರಗಾದರು.

ಅಲ್ಲಿ 'ಅರ್ಧಚ್ಛೇದ' ಎಂಬುದೊಂದು ಇದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವ ತನಕ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು. ಎಂಟನ್ನು ಅರ್ಧ ಮಾಡಿದರೆ ನಾಲ್ಕು, ಎರಡು, ಒಂದು. ಆದ್ದರಿಂದ ಎಂಟರ ಅರ್ಧಚ್ಛೇದ ಮೂರು. ಮೂವತ್ತೆರಡರದು ಐದು. ಎಂಟು ಮತ್ತು ಮೂವತ್ತೆರಡರ ಗುಣಲಬ್ಧ ಇನ್ನೂರ ಐವತ್ತಾರು. ಅದರ ಅರ್ಧಚ್ಛೇದ ಮೂರು ಮತ್ತು ಐದರ ಮೊತ್ತವಾದ ಎಂಟು. ಗುಣಾಕಾರ ಕೂಡಿಕೆಯಾಗಿ ಬಿಡುತ್ತದೆ! ಶಾಲೆಯಲ್ಲಿ ಕಲಿಸುವ ಲಾಗರಿದಮ್ ಇದೇ ಅಲ್ಲವೇ? ಸ್ಕಾಟ್ಲೆಂಡಿನ ನೇಪಿಯರ್ ತನ್ನ ಕೋಷ್ಟಕ ಪ್ರಕಟಿಸಿದ್ದು 1614ರಲ್ಲಿ. ವಿಶ್ವದ ಅಗಾಧ ಸಂಖ್ಯೆಗಳನ್ನು ನಿಭಾಯಿಸಲು ವೀರಸೇನರು ಎರಡನ್ನೇ ಬುನಾದಿಯಾಗಿಟ್ಟುಕೊಂಡ ಈ ದಾರಿಯನ್ನು ಬಳಸಿದ್ದು ಅದಕ್ಕೆ ಎಂಟು ಶತಮಾನ ಹಿಂದೆ. ಎಲೆಕ್ಟ್ರಾನಿಕ್ ಸಿಟಿಯ ಗಣಕಗಳೂ ಲೆಕ್ಕ ಮಾಡುವುದು ಎರಡರ ಬುನಾದಿಯ ಮೇಲೆಯೇ. ಅದರಿಂದ ಇದು ಬಂತೆಂದು ಹೇಳುವಂತಿಲ್ಲ. ಆದರೂ ಹೊಸೂರು ರಸ್ತೆಯ ಯುವ ತಂತ್ರಜ್ಞನೊಬ್ಬ ಆ ಪುಟ ತೆರೆದರೆ ಅಪರಿಚಿತ ಊರಿನಲ್ಲಿ ನೆಂಟರು ಸಿಕ್ಕಂತಾದೀತು.

ಮತ್ತೆ ನಗರದ ಅಂಚಿಗೆ

ನಕಲು ಮಾಡುವ ಕೆಲಸ ಇಂದಿಗೂ ನಿಂತಿಲ್ಲ, ಉಪಕರಣ ಬದಲಾಗಿದೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು ಏಳುನೂರು ವರ್ಷ ಹಳೆಯ ಓಲೆಪ್ರತಿ ಉಡುಪಿಯ ಮಠವೊಂದರಲ್ಲಿ ಕಪ್ಪುಗಟ್ಟಿ ಓದಲಾಗದಂತಿತ್ತು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ಸಂಗಡಿಗರು 2006ರ ಸುಮಾರಿಗೆ ಅದನ್ನು ಅವಕೆಂಪು ಬೆಳಕಿನಲ್ಲಿ ಚಿತ್ರೀಕರಿಸಿದರು. ಆ ಬೆಳಕಿಗೆ ಕಂದಿದ ಗರಿ ತಿಳಿಯಾಗಿ ಕಾಣುತ್ತದೆ, ಇಂಗಾಲದ ಮಸಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಚಿಪ್ಪು ತಯಾರಿಸುವ ತಂತ್ರದಿಂದಲೇ ಆ ಪುಟಗಳನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಮೂಡಿಸುವ ಪ್ರಯತ್ನವನ್ನೂ ಅವರು ಮಾಡಿದರು. ಧವಲ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಶ್ರವಣಬೆಳಗೊಳದ ಪ್ರಾಕೃತ ಸಂಶೋಧನ ಸಂಸ್ಥೆ ಕೈಗೊಂಡಿತು. ಅವು ಪಯಣ ಹೊರಟ ಊರಿಗೆ ಕನ್ನಡದ ರೂಪದಲ್ಲಿ ಮರಳಿದಂತಾಯಿತು. 2003ರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮುಂದುವರಿಕೆಯಾಗಿ 2025ರಲ್ಲಿ ಕೇಂದ್ರ ಸರ್ಕಾರ 'ಜ್ಞಾನ ಭಾರತಂ' ಯೋಜನೆಯನ್ನು ಪ್ರಕಟಿಸಿತು.

ಬೇಗೂರಿನಂಥ ಊರುಗಳ ಕಲ್ಲುಗಳಿಗೂ ಒಳ್ಳೆಯ ಗಳಿಗೆ ಬಂದಿದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುವ ಕೆಲಸ ಕೈಗೆತ್ತಿಕೊಂಡಿತು. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಗಣಕ ಎತ್ತಿ ತೋರಿಸುತ್ತದೆ. ಬಡಾವಣೆಗಳು ಏಳುವ ಭರದಲ್ಲಿ ಚರಂಡಿಗೆ ಚಪ್ಪಡಿಯಾಗಿ, ಮನೆಯ ಪಾಯಕ್ಕೆ ಕಲ್ಲಾಗಿ ಹೋಗುವ ಮುನ್ನ ನಕಲಾದರೂ ಉಳಿಯಲಿ ಎಂಬ ಆತುರ ಅದರ ಹಿಂದಿದೆ.

ಆದರೆ ಗಣಕದ ಕಡತಕ್ಕೂ ಆಯುಷ್ಯವಿದೆ. ಫ್ಲಾಪಿ ಹೋಯಿತು, ಸಿ.ಡಿ. ಹೋಗುತ್ತಿದೆ. ಇಪ್ಪತ್ತು ವರ್ಷದ ಹಿಂದಿನ ಕಡತ ತೆರೆಯಲು ಎಷ್ಟೋ ಕಡೆ ಯಂತ್ರವೇ ಇಲ್ಲ. ಸಮಯಕ್ಕೆ ಸರಿಯಾಗಿ ಒಂದರಿಂದ ಇನ್ನೊಂದಕ್ಕೆ ಎತ್ತಿಕೊಳ್ಳುತ್ತ ಹೋಗುವುದೇ ಅದಕ್ಕೂ ಮದ್ದು. ಅದಕ್ಕೆ ಬೇಕಾದದ್ದು ಪ್ರತಿವರ್ಷ ಪೆಟ್ಟಿಗೆ ತೆರೆದು ನೋಡುವ ಒಂದು ಶ್ರುತಪಂಚಮಿ, ಖರ್ಚು ಹೊರುವ ಒಬ್ಬ ದೇಮಿಯಕ್ಕ, ಕುಳಿತು ಬರೆಯುವ ಒಬ್ಬ ಗಜಪತಿ ಉಪಾಧ್ಯಾಯ. ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ಓದಬಲ್ಲವರು. ಹಳಗನ್ನಡ ಲಿಪಿ ಓದುವವರ ಸಂಖ್ಯೆ ಇಂದು ಅಂದಿಗಿಂತ ಹೆಚ್ಚೇನೂ ಇಲ್ಲ.

ಮೂಡುಬಿದಿರೆಯಿಂದ ಹಿಂತಿರುಗುವ ರಾತ್ರಿ ಬಸ್ಸು ನಸುಕಿನಲ್ಲಿ ಪೀಣ್ಯ ತಲಪುತ್ತದೆ. ರಾತ್ರಿ ಪಾಳಿ ಮುಗಿಸಿದವರು ರಸ್ತೆಯಂಚಿನ ಗಾಡಿಯಲ್ಲಿ ಟೀ ಕುಡಿಯುತ್ತ ನಿಂತಿರುತ್ತಾರೆ. ನಗರದ ಇನ್ನೊಂದು ತುದಿಯ ಬೇಗೂರಿನಲ್ಲಿ ಆ ಹೊತ್ತಿಗೆ ಗುಡಿಯ ಬಾಗಿಲು ತೆರೆಯುತ್ತದೆ. ಕಲ್ಲುಗಳ ಮೇಲೆ ಓರೆ ಬಿಸಿಲು ಬೀಳುತ್ತದೆ. ಸವೆದ ಅಕ್ಷರ ಓದಲು ಓರೆ ಬಿಸಿಲಿನಷ್ಟು ಒಳ್ಳೆಯ ಬೆಳಕು ಬೇರೆ ಇಲ್ಲ.

ಹೋಗುವುದು ಹೇಗೆ?

ಬೇಗೂರಿಗೆ ಬೆಂಗಳೂರಿನ ನಗರ ಸಾರಿಗೆ ಬಸ್ಸುಗಳಿವೆ. ನಾಗತ್ತರನ ವೀರಗಲ್ಲನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿ.ಮೀ., ಚನ್ನರಾಯಪಟ್ಟಣದ ಮೂಲಕ ಹೋಗುವುದು ಅನುಕೂಲ. ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಬಸದಿಗಳನ್ನು ಎಲ್ಲರೂ ನೋಡಬಹುದು. ಸಚಿತ್ರ ಗರಿಗಳು ಪ್ರದರ್ಶನದ ವಸ್ತುಗಳಲ್ಲ, ಅವುಗಳ ದರ್ಶನಕ್ಕೆ ಜೈನ ಮಠದ ಅನುಮತಿ ಪಡೆಯಬೇಕು. ಓಲೆಗರಿಗಳ ಅಧ್ಯಯನದಲ್ಲಿ ಆಸಕ್ತಿಯುಳ್ಳವರಿಗೆ ಅಲ್ಲಿಯ ಶ್ರೀಮತಿ ರಮಾರಾಣಿ ಜೈನ ಸಂಶೋಧನ ಸಂಸ್ಥೆಯ ಸಂಗ್ರಹವಿದೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಮಳೆಗಾಲದಲ್ಲಿ ಭೂಕುಸಿತವಾಗುವುದುಂಟು. ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು.